ಗೆದ್ದ ದಿನ ಮನೆಗೆ ಹೋಗದವರು

ಹೋದ ತಿಂಗಳು ಹಾವೇರಿಯ ಮೈದಾನದಲ್ಲಿ ನಮ್ಮ ರಾಣೇಬೆನ್ನೂರಿನ ಫುಟ್ಬಾಲ್ ತಂಡ ಬೇಸಿಗೆಯ ಕಪ್ ಗೆದ್ದಿತು. ಹುಡುಗರು ಕಪ್ಪನ್ನು ಟೆಂಪೋದ ಮುಂದೆ ಕಟ್ಟಿಕೊಂಡು, ಕೂಗುತ್ತ, ಊರಿಗೆ ಹೊರಟುಹೋದರು. ಅವರೆಲ್ಲ ಹೋದ ಮೇಲೂ ಮೈದಾನದ ಕಲ್ಲಿನ ಮೆಟ್ಟಿಲ ಮೇಲೆ ಕುಳಿತೇ ಇದ್ದ ಎಪ್ಪತ್ಮೂರು ವರ್ಷದ ಒಬ್ಬರು, ಹೊತ್ತು ಮುಳುಗುವ ಮೊದಲು, ಕುಳಿತಲ್ಲೇ ತೀರಿಕೊಂಡರು. ಪಕ್ಕದಲ್ಲಿ ಇದ್ದವನು ಒಬ್ಬನೇ, ಹಿಂದೆ ನಮ್ಮ ತಂಡದಲ್ಲಿ ಆಡುತ್ತಿದ್ದ ಮೇಡ್ಲೇರಿಯ ರೈತ.

ಮರುದಿನ ಊರಿನವರೆಲ್ಲ ಒಂದೇ ಮಾತು ಆಡಿದರು. ಪುಣ್ಯವಂತ, ಜೀವಮಾನವೆಲ್ಲ ತಂಡದ ಹಿಂದೆ ತಿರುಗಿದ, ಗೆದ್ದ ಖುಷಿಯಲ್ಲೇ ಎದೆ ನಿಂತಿತು, ಇಂಥ ಸಾವು ಎಷ್ಟು ಮಂದಿಗೆ ಸಿಗುತ್ತದೆ ಎಂದರು. ಪತ್ರಿಕೆಯ ಸ್ಥಳೀಯ ಪುಟದಲ್ಲಿಯೂ ಅದೇ ಅರ್ಥದ ನಾಲ್ಕು ಸಾಲು ಬಂತು. ನನಗೆ ಹೂಂಗುಟ್ಟಲು ಆಗಲಿಲ್ಲ. ಗೆಲುವಿಗೆ ಅವರಷ್ಟು ಹೆದರುತ್ತಿದ್ದ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಮಗಳಿದ್ದಾಳೆ, ಮೊಮ್ಮಗಳಿದ್ದಾಳೆ, ನಾನು ಮುಂದೆ ಹೇಳುವ ಒಂದು ಸಂಗತಿ ಅವರಿಗೆ ಇನ್ನೂ ಗೊತ್ತಿಲ್ಲ. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಆಟಗಾರರ ಮಕ್ಕಳೂ ಕಾಕಾ ಎನ್ನುತ್ತಿದ್ದರು, ಎದುರಾಳಿ ತಂಡದವರೂ.

ಕಾಕಾ ಕೋರ್ಟಿನಲ್ಲಿ ಬೇಲೀಫರಾಗಿದ್ದರು. ಮೊದಲು ರಾಣೇಬೆನ್ನೂರಿನಲ್ಲಿ, ಆಮೇಲೆ ಹಾವೇರಿಯಲ್ಲಿ. ಸಮನ್ಸು, ನೋಟೀಸು, ಜಪ್ತಿಯ ಹುಕುಂ ಇಂಥವನ್ನು ಹಳ್ಳಿ ಹಳ್ಳಿಗೆ ಒಯ್ದು, ಮನೆಯವರ ಕೈಗೆ ಕೊಟ್ಟು, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬರುವ ಕೆಲಸ. ಹೆಗಲಿಗೆ ಸದಾ ಒಂದು ಖಾಕಿ ಚೀಲ. ಅದರ ಒಂದು ಬದಿಗೆ ಕೋರ್ಟಿನ ಕಾಗದಗಳು, ಇನ್ನೊಂದು ಬದಿಗೆ ನಮ್ಮ ತಂಡದ ಸಾಮಾನು: ಉಪ್ಪು ಸವರಿದ ಲಿಂಬೆಹೋಳು, ಬ್ಯಾಂಡೇಜು, ಬೂಟಿನ ಲಾಡಿ, ಚೆಂಡು ಹೊಲಿಯುವ ದಬ್ಬಣ. ಯಾವ ಊರಿನಲ್ಲಿ ನಮ್ಮ ಆಟವಿದೆಯೋ ಆ ಊರಿನ ಸಮನ್ಸುಗಳನ್ನು ಆ ದಿನಕ್ಕೇ ಇಟ್ಟುಕೊಳ್ಳುತ್ತಿದ್ದರು.

ಹಾಗೆ ಒಮ್ಮೆ ಕುಪ್ಪೇಲೂರಿನಲ್ಲಿ ನಾನೂ ಅವರ ಜೊತೆ ಒಂದು ಮನೆಗೆ ಹೋಗಿದ್ದೆ. ಆಗ ತಂಡಕ್ಕೆ ಹೊಸಬ, ಬದಲಿ ಗೋಲ್‌ಕೀಪರ್. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹೆಂಗಸು ಚೀಲವನ್ನು ನೋಡಿದವಳೇ ಮೊರವನ್ನು ಕೆಳಗಿಟ್ಟು ಒಳಗೆ ಹೋದಳು. ಕಾಕಾ ಮೆಟ್ಟಿಲು ಹತ್ತಲಿಲ್ಲ. ಒಂದು ಮೆಟ್ಟಿಲು ಕೆಳಗೇ ನಿಂತು, ಯಜಮಾನನ ಹೆಸರನ್ನು ತಂದೆಯ ಹೆಸರಿನ ಸಮೇತ ಕರೆದರು. ಹೊರಗೆ ಬಂದವನು ಕಾಗದವನ್ನು ನೋಡಲಿಲ್ಲ, ಇವರ ಮುಖವನ್ನೇ ನೋಡುತ್ತ ನಿಂತ. ಒಂದು ವಾಟೆ ನೀರು ಬೇಕೇ ಎಂದು ಯಾರೂ ಕೇಳಲಿಲ್ಲ.

ಆಟದ ಬಯಲಿಗೆ ಮರಳುವಾಗ ಕಾಕಾ ಹೇಳಿದರು, "ಮೂವತ್ತು ವರ್ಷದಾಗ ನಾ ಎಷ್ಟ ಬಾಗಲಾ ಬಡದೇನಿ ಲೆಕ್ಕಿಲ್ಲ ತಮ್ಮಾ. ನಾ ಬಂದೆ ಅಂತ ಖುಷಿಪಟ್ಟ ಮಂದಿ ಅಂದ್ರ ನೀವು ಹನ್ನೊಂದು ಜನ ಅಷ್ಟ."

ಅವರು ಫುಟ್ಬಾಲನ್ನು ಯಾಕೆ ಅಷ್ಟು ಹಚ್ಚಿಕೊಂಡರು ಎಂದು ಯಾರಾದರೂ ಕೇಳಿದರೆ ನಾನು ಈ ಮಾತನ್ನು ಹೇಳುತ್ತೇನೆ. ಸ್ವತಃ ಅವರು ಆಡಿದವರಲ್ಲ. ಚಿಕ್ಕಂದಿನಲ್ಲಿ ಮುರಿದ ಎಡಗಾಲು ಸರಿಯಾಗಿ ಕೂಡಿರಲಿಲ್ಲ. ಆದರೆ, ಮುಂದೆ ಹೇಳುವ ಒಂದು ದಿನವನ್ನು ಬಿಟ್ಟರೆ, ನಮ್ಮ ತಂಡ ಆಡಿದ ಒಂದು ಆಟವನ್ನೂ ಅವರು ತಪ್ಪಿಸಿದ್ದು ಯಾರ ನೆನಪಿನಲ್ಲಿಯೂ ಇಲ್ಲ. ಕುರ್ಚಿ ಹಾಕಿಕೊಟ್ಟರೂ ಕೂಡುತ್ತಿರಲಿಲ್ಲ. ನಮ್ಮ ಗೋಲಿನ ಹಿಂದೆ, ಎಡಗಂಬದ ಹತ್ತಿರ, ಛತ್ರಿಯನ್ನು ನೆಲಕ್ಕೂರಿ ನಿಲ್ಲುತ್ತಿದ್ದರು. ಅರ್ಧ ಆಟ ಮುಗಿದು ಬದಿ ಬದಲಾದರೆ ಇಡೀ ಮೈದಾನ ಸುತ್ತಿ, ಕುಂಟುತ್ತ, ಈ ಕಡೆಯ ಗೋಲಿಗೆ ಬರುತ್ತಿದ್ದರು. ರೆಫ್ರಿಗೆ ಬೈದವರಲ್ಲ, ಎದುರಾಳಿಯನ್ನು ಹೀಯಾಳಿಸಿದವರಲ್ಲ. ನಮ್ಮ ಹಿಂದಿನ ಸಾಲಿನ ಆಟಗಾರರಿಗೆ ಒಂದೇ ಮಾತು ಕೂಗುತ್ತಿದ್ದರು, "ಹಿಂದ ನೋಡ್ಕೋ." ನಾವು ಮುಂದೆ ನುಗ್ಗಿ ಆಡುತ್ತಿರುವಾಗಲೂ, ಮೂರು ಗೋಲು ಮೇಲಿರುವಾಗಲೂ, ಅದೇ ಮಾತು.

ಅವರು ಕಂಡಂತೆ ನಮ್ಮ ತಂಡ ಬೇಸಿಗೆಯ ಕಪ್ ಗೆದ್ದದ್ದು, ಹೋದ ತಿಂಗಳಿನದನ್ನು ಬಿಟ್ಟರೆ, ಮೂರೇ ಸಲ.

ಮೊದಲನೆಯದು ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಟಗಾರರ ಜೊತೆ ಗುಲಾಲು ಆಡಿ, ಕೆಂಪು ಮುಖದಲ್ಲಿ ಮನೆಗೆ ಬಂದರೆ ಬಾಗಿಲ ಮುಂದೆ ಇಪ್ಪತ್ತು ಮೂವತ್ತು ಜೊತೆ ಚಪ್ಪಲಿ. ಗೆದ್ದ ಸುದ್ದಿ ತಿಳಿದು ಓಣಿಯವರು ಬಂದಿದ್ದಾರೆ ಎಂದುಕೊಂಡು ನಗುತ್ತ ಒಳಗೆ ಹೋದರಂತೆ. ನಡುಮನೆಯಲ್ಲಿ ತಂದೆಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಧ್ಯಾಹ್ನ ಊಟಕ್ಕೆ ಕುಳಿತವರು ಏಳಲಿಲ್ಲ. ಗುಲಾಲು ತೊಳೆದುಕೊಳ್ಳುವುದಕ್ಕೂ ಬಿಡದೆ ಜನ ಕಾಕಾನನ್ನು ಅಣ್ಣನ ಪಕ್ಕ ಕೂಡಿಸಿದರು.

ಎರಡನೆಯದು ಬಹಳ ವರ್ಷಗಳ ಮೇಲೆ. ಕಪ್ ಎತ್ತಿದ ಅರ್ಧ ತಾಸಿಗೆ ಮೈದಾನಕ್ಕೇ ಒಬ್ಬ ಸೈಕಲ್ಲಿನ ಮೇಲೆ ಹುಡುಕಿಕೊಂಡು ಬಂದ. ಕಾಕಾನ ಅಣ್ಣ ಕುಳಿತಿದ್ದ ಲಾರಿ ಹೆದ್ದಾರಿಯಲ್ಲಿ ಮಗುಚಿತ್ತು.

ಮೂರನೆಯದಕ್ಕೆ ನಾನೇ ಸಾಕ್ಷಿ. ಅಂದು ನಾವು ಬ್ಯಾಡಗಿಯಲ್ಲಿ ಗೆದ್ದೆವು. ನಾನು ಆಡಿರಲಿಲ್ಲ, ಬೆಂಚಿನ ಮೇಲಿದ್ದೆ. ಕೊನೆಯ ಸೀಟಿ ಊದಿದಾಗ ಎಲ್ಲರೂ ಒಳಗೆ ಓಡಿದರು. ಕಾಕಾ ಮಾತ್ರ ಗೋಲಿನ ಹಿಂದೆಯೇ ನಿಂತಿದ್ದರು. ಕರೆದರೆ ಬರಲಿಲ್ಲ. ರೈಲಿನಲ್ಲಿ ಹುಡುಗರು ಹಾಡುತ್ತಿದ್ದರೆ ಬಾಗಿಲ ಬಳಿ ನಿಂತೇ ಬಂದರು. ರಾಣೇಬೆನ್ನೂರಿನಲ್ಲಿ ಇಳಿದ ಮೇಲೆ ನನ್ನನ್ನು ಕರೆದು, ಮನೆಯವರೆಗೆ ಬಾ ತಮ್ಮಾ ಎಂದರು. ಸ್ಟೇಶನ್ನಿನಿಂದ ಅವರ ಮನೆ ಹತ್ತು ನಿಮಿಷದ ಹಾದಿ. ಅವರು ಪೇಟೆಯನ್ನೆಲ್ಲ ಸುತ್ತಿ ಮುಕ್ಕಾಲು ತಾಸು ನಡೆಸಿದರು. ಓಣಿಯ ತಿರುವು ಬಂದಾಗ ನಿಂತುಬಿಟ್ಟರು. "ನೀ ಮುಂದ ಹೋಗಿ ನೋಡು. ಬಾಗಲಾಗ ಚಪ್ಪಲಿ ಎಷ್ಟ ಅದಾವ ನೋಡ್ಕೊಂಡ ಬಾ."

ನನಗೆ ಅರ್ಥವಾಗಲಿಲ್ಲ. ಹೋಗಿ ನೋಡಿದೆ. ಬಾಗಿಲಲ್ಲಿ ಎರಡೇ ಜೊತೆ ಇದ್ದವು. ಬಂದು ಹೇಳಿದೆ. ಅವರು ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಬಾ, ಚಹಾ ಕುಡಿದು ಹೋಗು ಎಂದು ನನ್ನ ಭುಜದ ಮೇಲೆ ಕೈಯಿಟ್ಟು ಕರೆದುಕೊಂಡು ಹೋದರು. ಅವರ ಹೆಂಡತಿ, ನಮ್ಮೆಲ್ಲರ ಕಾಕೂ, ಚಹಾ ಮಾಡಿದರು. ಗೆದ್ರೇನು ಎಂದು ನಮ್ಮನ್ನು ಕೇಳಿದರು. ಚಹಾದ ಬಸಿಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದವರು ಅಲ್ಲಿಯೇ ಬಿದ್ದರು. ತಲೆಯಲ್ಲಿ ನರ ಒಡೆದಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

ಇದಾದ ಮೇಲೆ ಅವರಿಗೆ ಉಳಿದದ್ದು ಒಬ್ಬಳೇ ಮಗಳು.

ತಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಅವರು ನನಗೆ ಬಾಯಿಬಿಟ್ಟು ಹೇಳಿದ್ದು ಒಂದು ವರ್ಷದ ನಂತರ, ಒಂದು ಸಂಜೆ ಅಭ್ಯಾಸ ಮುಗಿಸಿ ಕುಳಿತಿದ್ದಾಗ. ನಾವು ಕಪ್ ಗೆದ್ದಾಗಲೆಲ್ಲ, ಆ ದಿನವೇ, ಅದು ಅವರ ಮನೆಗೆ ಬರುತ್ತದೆ. ಏನು ಬರುತ್ತದೆ ಎಂದು ಅವರು ಹೆಸರು ಹಿಡಿದು ಹೇಳಲಿಲ್ಲ. ಎಂದೂ ಹೇಳಲಿಲ್ಲ. ಸಣ್ಣಪುಟ್ಟ ಆಟ ಗೆದ್ದರೆ ಅದು ಏಳುವುದಿಲ್ಲವಂತೆ. ಕಪ್ ಎತ್ತಿದರೇ ಏಳುತ್ತದೆ.

ನಾನು ವಿಜ್ಞಾನ ಕಲಿಸುವ ಮಾಸ್ತರ. ಮೂರು ಸಲ ಹಾಗಾಯಿತು ಎಂದರೆ ನಾಲ್ಕನೆಯ ಸಲವೂ ಆಗಬೇಕೆಂದು ಎಲ್ಲಿದೆ ಎಂದು ಕೇಳಿದೆ.

"ಮೂರು ಸಲ ಬಂದ ಮನೀ ಹಾದಿ ಯಾರರ ಮರೀತಾರೇನು ತಮ್ಮಾ?" ಎಂದರು.

ಹಾಗಿದ್ದರೆ ಆಟಕ್ಕೆ ಬರುವುದನ್ನು ಬಿಟ್ಟುಬಿಡಿ, ಇಲ್ಲವೇ ಬೇರೆ ತಂಡಕ್ಕೆ ಚಪ್ಪಾಳೆ ಹೊಡೆಯಿರಿ ಎಂದೆ. ಅವರು "ಬಿಡಾಕ ಬಂದಿದ್ರ ಬಿಡತಿದ್ದಿಲ್ಲೇನು," ಎಂದು ಎದ್ದರು. ಮರುದಿನ ಮತ್ತೆ ಲಿಂಬೆಹೋಳು ಕೊಯ್ದುಕೊಂಡು ಬಂದರು.

ಮಗಳನ್ನು ಬ್ಯಾಡಗಿಗೆ ಕೊಟ್ಟರು. ಅಳಿಯ ಮೆಣಸಿನಕಾಯಿ ವ್ಯಾಪಾರದವರ ಮನೆತನದವನು, ಒಳ್ಳೆಯವನು. ಕಾಕಾ ನಿವೃತ್ತರಾದರು. ನಾನು ತಂಡದ ಖಾಯಂ ಗೋಲ್‌ಕೀಪರ್ ಆದೆ. ಅದೇ ಹೊತ್ತಿಗೆ ಮೇಡ್ಲೇರಿಯಿಂದ ಒಬ್ಬ ಆಟಗಾರ ಬಂದ. ತುಂಗಭದ್ರೆಯ ದಂಡೆಯ ಹೊಲಗಳಲ್ಲಿ ಕೆಸರು ತುಳಿದು ಬೆಳೆದ ಕಾಲು, ಚೆಂಡು ಅವನ ಪಾದಕ್ಕೆ ಅಂಟಿಕೊಂಡೇ ಓಡುತ್ತಿತ್ತು. ಅವನು ಆಡಿದ ದಿನ ನಾವು ಗೋಲು ಹೊಡೆಯದೆ ಬಂದದ್ದಿಲ್ಲ. ಅವನ ಊರಿಗೆ ಬಸ್ಸು ಹೊತ್ತಿಗೆ ಸರಿಯಾಗಿ ಇರುತ್ತಿರಲಿಲ್ಲವಾದ್ದರಿಂದ ಆಟದ ದಿನ ಕಾಕಾ ತಮ್ಮ ಹಳೆಯ ಸ್ಕೂಟರಿನ ಮೇಲೆ ಹೋಗಿ ಅವನನ್ನು ಕರೆತರುತ್ತಿದ್ದರು.

ಹನ್ನೊಂದು ವರ್ಷಗಳ ಹಿಂದೆ ಅವನಿಂದಲೇ ನಾವು ಮತ್ತೆ ಫೈನಲ್ಲಿಗೆ ಬಂದೆವು. ಸೆಮಿಫೈನಲ್ ಗೆದ್ದ ದಿನ ಕಾಕಾ ಹುಡುಗರ ಬೆನ್ನು ತಟ್ಟುತ್ತಿದ್ದರು, ಆದರೆ ತುಟಿಗಳು ಒಣಗಿದ್ದವು. ಆಗ ಅವರ ಮಗಳಿಗೆ ದಿನ ತುಂಬಿತ್ತು.

ಫೈನಲ್ಲು ಭಾನುವಾರ, ಹಾವೇರಿಯಲ್ಲಿ, ನಾಲ್ಕು ಗಂಟೆಗೆ. ಅದೇ ಮುಂಜಾನೆ ಮಗಳಿಗೆ ನೋವು ಶುರುವಾಗಿ ಹಾವೇರಿಯ ಒಂದು ಆಸ್ಪತ್ರೆಗೆ ತಂದರು. ನಾನು ಹನ್ನೊಂದರ ಸುಮಾರಿಗೆ ಅಲ್ಲಿಗೆ ಹೋದೆ. ಕಾಕಾ ವರಾಂಡದಲ್ಲಿ, ಹೆರಿಗೆ ಕೋಣೆಯ ಬಾಗಿಲಿಗೆ ಎದುರಾಗಿ ನಿಂತಿದ್ದರು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆ, ಸಂಜೆಯವರೆಗೆ ನೋಡುತ್ತೇವೆ, ಇಲ್ಲವಾದರೆ ಆಪರೇಶನ್ ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನೀವು ಇಲ್ಲಿಯೇ ಇರಿ, ಮೇಡ್ಲೇರಿಗೆ ಬೇರೆ ಯಾರನ್ನಾದರೂ ಕಳಿಸುತ್ತೇವೆ ಎಂದೆ. ಅವರು ನನ್ನ ಕಡೆ ನೋಡಲೇ ಇಲ್ಲ. "ಬ್ಯಾಡ, ನಾನ ಹೋಗತೇನಿ. ಇಲ್ಲಿ ನಿಂತು ನಾ ಏನ್ ಮಾಡಾಂವ ಇದೇನಿ," ಎಂದರು. ಇನ್ನೂ ಹನ್ನೆರಡು ಹೊಡೆದಿರಲಿಲ್ಲ. ಅಷ್ಟು ಬೇಗ ಹೊರಟದ್ದನ್ನು ಕಂಡು, ಎಷ್ಟು ನಿಷ್ಠೆ ನೋಡು ಎಂದು ಅಳಿಯನಿಗೆ ನಾನೇ ಹೇಳಿದೆ.

ಮೂರು ಗಂಟೆಗೆ ನಾವು ಮೈದಾನಕ್ಕೆ ಇಳಿದಾಗ ಅವರಿಬ್ಬರೂ ಬಂದಿರಲಿಲ್ಲ. ಮೂರೂವರೆಗೂ ಇಲ್ಲ. ಕಾಕಾನ ಫೋನು ಹೊಡೆದುಕೊಳ್ಳುತ್ತಿತ್ತು, ಎತ್ತಲಿಲ್ಲ. ಮೇಡ್ಲೇರಿಯವನ ಫೋನು ಬಂದ್ ಆಗಿತ್ತು. ಹೊಳೆಯ ದಂಡೆಯಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಯಾರೋ ಹೇಳಿದರು. ಆಟ ಶುರುವಾಯಿತು. ಬಿಸಿಗಾಳಿ ಮೈದಾನದ ಕೆಂಪು ಧೂಳನ್ನೆಲ್ಲ ನನ್ನ ಗೋಲಿನ ಕಡೆಗೇ ತರುತ್ತಿತ್ತು. ನಾನು ಮತ್ತೆ ಮತ್ತೆ ಎಡಗಂಬದ ಹಿಂದೆ ತಿರುಗಿ ನೋಡುತ್ತಿದ್ದೆ. ಅಲ್ಲಿ ಯಾರೂ ನಿಂತಿರಲಿಲ್ಲ. ನಾನು ಗೋಲು ಕಾಯಲು ಶುರುಮಾಡಿದಾಗಿನಿಂದ ಆ ಜಾಗ ಖಾಲಿ ಇದ್ದದ್ದು ಅಂದೇ ಮೊದಲು.

ಆಟ ಮುಗಿಯಲು ಎಂಟು ನಿಮಿಷ ಇರುವಾಗ ಎದುರಾಳಿ ಹಾವೇರಿ ತಂಡದವನೊಬ್ಬ ದೂರದಿಂದ ಸುಮ್ಮನೆ ಒದ್ದ. ಬಲವಿಲ್ಲದ ಚೆಂಡು, ಎದೆಮಟ್ಟಕ್ಕೆ ನೇರ ಬಂತು. ಹಿಡಿದೆ. ಹಿಡಿದದ್ದು ಕೈಯಿಂದ ಜಾರಿ, ಮೊಣಕಾಲಿಗೆ ತಾಗಿ, ಗೆರೆಯ ಒಳಗೆ ಉರುಳಿತು.

ನಾವು ಆ ಒಂದು ಗೋಲಿನಿಂದ ಸೋತೆವು. ಜನ ಚದುರುತ್ತಿದ್ದಾಗ ಸ್ಕೂಟರು ಮೈದಾನದ ಒಳಕ್ಕೇ ನುಗ್ಗಿ ಬಂತು. ಇಬ್ಬರ ಮೈಮೇಲೂ ಬೆರಳು ಗಾತ್ರದ ಧೂಳು. ಗಾಡಿ ಕೆಟ್ಟಿತ್ತು ಎಂದು ಮೇಡ್ಲೇರಿಯವನು ಹೇಳಿದ. ಕಾಕಾ ಯಾರನ್ನೂ ಏನನ್ನೂ ಕೇಳದೆ ಹಲಗೆಯ ಮೇಲೆ ಬರೆದಿದ್ದ ಗೋಲಿನ ಸಂಖ್ಯೆಯನ್ನು ನೋಡಿ, ಅಲ್ಲಿಯೇ ನೆಲದ ಮೇಲೆ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, ಮಗಳಿಗೆ ಹೆಣ್ಣು ಕೂಸು, ಇಬ್ಬರೂ ಆರಾಮ ಇದ್ದಾರೆ ಎಂದರು. ಸೋತವರ ನಡುವೆ ಆ ಸುದ್ದಿಯನ್ನು ಹೇಗೆ ತೆಗೆದುಕೊಳ್ಳಬೇಕೆಂದು ಯಾರಿಗೂ ತಿಳಿಯಲಿಲ್ಲ.

ಆಮೇಲಿನ ವರ್ಷಗಳು ನನಗೆ ಸುಲಭದವಾಗಿರಲಿಲ್ಲ. ಊರು ಸಣ್ಣದು, ಮರೆಯುವುದಿಲ್ಲ. ಮಾಸ್ತರ ಅಂಗೈಗೆ ಎಣ್ಣೆ ಹಚ್ಚಿಕೊಂಡಿದ್ದನೇ, ಹಾವೇರಿಯವರು ಅವನಿಗೆ ಏನು ಕೊಟ್ಟರು ಎಂದೆಲ್ಲ ಚಹಾದಂಗಡಿಯಲ್ಲಿ ನನಗೆ ಕೇಳುವಂತೆಯೇ ಮಾತಾಡಿದರು. ಪಾಠ ಮಾಡುವಾಗ ನನ್ನ ಕೈಯಿಂದ ಸೀಮೆಸುಣ್ಣ ಬಿದ್ದರೆ ಹಿಂದಿನ ಬೆಂಚಿನಿಂದ "ಗೋಲ್" ಎಂಬ ಸಣ್ಣ ದನಿ ಬರುತ್ತಿತ್ತು. ಮರುವರ್ಷ ನನ್ನನ್ನು ತಂಡದಿಂದ ಬಿಟ್ಟರು. ಮೂವತ್ತೊಂದಕ್ಕೆ ನನ್ನ ಆಟ ಮುಗಿಯಿತು.

ಆ ದಿನಗಳಲ್ಲಿ ನನ್ನ ಪರವಾಗಿ ನಿಂತವರು ಕಾಕಾ ಒಬ್ಬರೇ. ದಾರಿಯಲ್ಲಿ ಸಿಕ್ಕಾಗಲೆಲ್ಲ, ನಿನ್ನದೇನೂ ತಪ್ಪಿಲ್ಲ ತಮ್ಮಾ ಎನ್ನುತ್ತಿದ್ದರು. ಮಾತು ಬೇರೆ ಕಡೆ ಹೋದರೂ ತಿರುಗಿಸಿ ಅಲ್ಲಿಗೇ ತರುತ್ತಿದ್ದರು. ಯುಗಾದಿಗೆ ಬೇವು ಬೆಲ್ಲ ಕೊಡಲು ಬಂದು ಅದೇ ಮಾತು, ನನ್ನ ಮದುವೆಯಲ್ಲಿ ಅಕ್ಷತೆ ಹಾಕಿ ಕಿವಿಯಲ್ಲಿ ಅದೇ ಮಾತು. ಎಷ್ಟು ದೊಡ್ಡ ಮನಸ್ಸು ಎಂದುಕೊಳ್ಳುತ್ತಿದ್ದೆ.

ಅವರು ಬ್ಯಾಡಗಿಗೆ, ಮಗಳ ಮನೆಗೆ, ಇರಲು ಹೋದರು. ಅಲ್ಲಿಂದಲೇ ಎಲ್ಲ ಆಟಕ್ಕೂ ಬರುತ್ತಿದ್ದರು. ಹತ್ತು ವರ್ಷ ನಾವು ಫೈನಲ್ಲಿನ ಹತ್ತಿರ ಸುಳಿಯಲಿಲ್ಲ. ನನಗೆ ಈಗ ಅನ್ನಿಸುತ್ತದೆ, ಅವು ಅವರ ನೆಮ್ಮದಿಯ ವರ್ಷಗಳು. ನಾಲ್ಕು ಆಟ ಗೆಲ್ಲುತ್ತಿದ್ದೆವು, ಐದನೆಯದನ್ನು ಸೋಲುತ್ತಿದ್ದೆವು, ಅವರು ಲಿಂಬೆಹೋಳು ಹಂಚಿ ರೈಲು ಹತ್ತುತ್ತಿದ್ದರು.

ಹುಡುಗರಿಗೆ ಆಟ ಕಲಿಸುವ ಕೆಲಸವನ್ನು ನಾನು ಹಿಡಿದು ಆರು ವರ್ಷವಾಯಿತು. ಈ ವರ್ಷದ ತಂಡ ಚೆನ್ನಾಗಿ ಕೂಡಿ ಬಂತು. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಕಾಕಾನನ್ನು ನೋಡಲು ಬ್ಯಾಡಗಿಗೆ ಹೋಗಿದ್ದೆ. ಮೆಣಸಿನಕಾಯಿಯ ಸುಗ್ಗಿ. ಸ್ಟೇಶನ್ನಿನಿಂದ ಮನೆಯವರೆಗೆ ಕೆಮ್ಮುತ್ತಲೇ ನಡೆದೆ. ಮಗಳು ಚಹಾ ಕೊಟ್ಟು ಹಿತ್ತಲಿಗೆ ಹೋದಳು. ನಾನು ಉತ್ಸಾಹದಲ್ಲಿ, ಈ ಸಲ ಕಪ್ ನಮ್ಮದೇ ಕಾಕಾ, ಬರೆದಿಟ್ಟುಕೊಳ್ಳಿ ಎಂದೆ.

ಅವರು ಎದ್ದು ಹಿತ್ತಲ ಬಾಗಿಲು ಮುಚ್ಚಿ ಬಂದು ಕುಳಿತು, ನೆಲ ನೋಡುತ್ತ ಹೇಳಿದರು. ಆ ಭಾನುವಾರ ಗಾಡಿ ಕೆಟ್ಟಿರಲಿಲ್ಲ. ಮೇಡ್ಲೇರಿ ದಾಟಿ ಸ್ವಲ್ಪ ದೂರದಲ್ಲಿ, ಹೊಳೆ ಕಾಣುವ ಕಡೆ, ಅವರೇ ಸ್ಕೂಟರು ನಿಲ್ಲಿಸಿ ಇಂಜಿನ್ನಿನ ಪ್ಲಗ್ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದರು. ಅವನಿಗೆ ಗಾಡಿ ಕೆಟ್ಟಿತು ಎಂದರು. ಆಸ್ಪತ್ರೆಯಿಂದ ಅಳಿಯನ ಫೋನು ಬಂದದ್ದು ಐದಕ್ಕೆ ಹತ್ತು ನಿಮಿಷವಿದ್ದಾಗ. ಅಲ್ಲಿಯವರೆಗೆ ಮೂರು ತಾಸಿಗೂ ಮೇಲೆ ರಸ್ತೆಯ ಬದಿಯಲ್ಲಿ ಕುಳಿತಿದ್ದರು.

"ಕೂಸು ಹುಟ್ಟಿತು ಅಂದ ಕೂಡಲೇ ಪ್ಲಗ್ ಹಾಕಿ ಗಾಡಿ ಹೊಡದ್ನೆಪಾ. ಹಾದಿ ತುಂಬ ಗೆಲ್ಲಲಿ, ಗೆಲ್ಲಲಿ ಅಂತ ಬೇಡಿಕೋತ ಬಂದೆ. ಖರೇ ಹೇಳತೇನಿ."

ಚಹಾದ ಬಸಿಯನ್ನು ಕೆಳಗಿಟ್ಟೆ. ಊರಿನವರು ನನಗೆ ಏನೇನೆಂದರು, ನಿಮಗೆ ಎಲ್ಲ ಗೊತ್ತಿತ್ತು, ಹನ್ನೊಂದು ವರ್ಷ ನೋಡುತ್ತ ಸುಮ್ಮನಿದ್ದಿರಿ ಎಂದೆ.

"ಸುಮ್ಮನ ಇದ್ದೆ," ಎಂದರು. ಸಮರ್ಥನೆ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ನಾನು ಎದ್ದಾಗ ಬಾಗಿಲವರೆಗೆ ಬಂದರು. "ಸಮನ್ಸ್ ತಗೊಳ್ಳಲಿಕ್ಕೆ ಒಲ್ಲೆ ಅಂತ ಬಾಗಲಾ ಹಾಕ್ಕೊಂಡ್ರ ನಾವು ಏನ್ ಮಾಡತಿದ್ವಿ ಗೊತ್ತೇನು ತಮ್ಮಾ? ಬಾಗಲಿಗೇ ಅಂಟಿಸಿ ಬರತಿದ್ವಿ. ತಗೊಂಡ್ಹಂಗ ಆತದು. ನಾ ಅವತ್ತ ಬಾಗಲಾ ಹಾಕ್ಕೊಂಡೇನಿ. ಅದು ಹೊಳ್ಳಿ ಹೋಗಿಲ್ಲ."

ಒಳಗೆ ಮೊಮ್ಮಗಳು ಮಗ್ಗಿ ಓದುತ್ತಿದ್ದಳು. ಕಾಕಾ ಆ ದನಿಯ ಕಡೆ ಕಿವಿಗೊಟ್ಟು ನಿಂತಿದ್ದರು. ನಾನು ಹೋಗಿ ಬರುತ್ತೇನೆ ಎಂದೂ ಹೇಳದೆ ಮೆಟ್ಟಿಲು ಇಳಿದೆ.

ಆಮೇಲೆ ಅವರ ಜೊತೆ ಮಾತು ಬಿಟ್ಟೆ. ಆಟಗಳಿಗೆ ಅವರು ಬರುತ್ತಿದ್ದರು, ಎಡಗಂಬದ ಹಿಂದೆ ನಿಲ್ಲುತ್ತಿದ್ದರು, ನಾನು ಈ ಕಡೆಯ ಬೆಂಚಿನಿಂದ ಏಳುತ್ತಿರಲಿಲ್ಲ. ಸೆಮಿಫೈನಲ್ ಗೆದ್ದ ದಿನವೂ ದೂರದಿಂದ ಅವರನ್ನು ಕಂಡೆ. ಹುಡುಗರು ಅವರನ್ನು ಎತ್ತಿಕೊಳ್ಳಲು ಹೋದರೆ ಕೈ ಅಡ್ಡ ಹಿಡಿದು ಬೇಡವೆನ್ನುತ್ತಿದ್ದರು. ಫೈನಲ್ಲಿನ ಮುಂಜಾನೆ ಅವರಿಂದ ಎರಡು ಸಲ ಫೋನು ಬಂತು. ಪರದೆಯ ಮೇಲೆ ಹೆಸರು ನೋಡಿದೆ. ಎತ್ತಲಿಲ್ಲ.

ಅಂತ್ಯಕ್ರಿಯೆ ಬ್ಯಾಡಗಿಯಲ್ಲಿ ನಡೆಯಿತು. ಮಗಳು ನನ್ನನ್ನು ನೋಡಿ, ಆಟಕ್ಕೆ ಹೋಗುವಾಗ ಅಪ್ಪ ಎಂದೂ ಇಲ್ಲದ ಹಾಗೆ ನನ್ನ ತಲೆಯನ್ನೂ ಮಗಳ ತಲೆಯನ್ನೂ ಮುಟ್ಟಿದರು, ಬಾಗಿಲು ಹಾಕಿಕೊಂಡಿರು, ಸಂಜೆ ನನ್ನ ಹಾದಿ ಕಾಯಬೇಡ ಎಂದರು ಎಂದು ಅತ್ತಳು. ಊರಿನ ಹುಡುಗರ ಜೊತೆ ರಾಣೇಬೆನ್ನೂರಿಗೆ ಮೆರವಣಿಗೆಗೆ ಹೋಗಿರಬೇಕು ಅಂದುಕೊಂಡಿದ್ದಳಂತೆ.

ಮಣ್ಣು ಮುಗಿಸಿ ಬರುವಾಗ ಮೇಡ್ಲೇರಿಯವನು ನನ್ನ ಜೊತೆ ನಡೆದ. ಈಗ ಅವನಿಗೆ ನಲವತ್ತರ ಹತ್ತಿರ, ಕಿವಿಯ ಬಳಿ ಕೂದಲು ಬೆಳ್ಳಗಾಗಿದೆ. ಅವನಿಗೂ ತಿಳಿದಿರಲಿ ಎಂದು ನಾನೇ ಮಾತು ತೆಗೆದೆ. ಅಂದು ಗಾಡಿ ಕೆಟ್ಟಿರಲಿಲ್ಲ, ಕಾಕಾ ನಿನಗೂ ಮೋಸ ಮಾಡಿದರು ಎಂದೆ.

ಅವನು ಹೇಳಿದ, "ಗೊತ್ತಿತ್ರಿ ಸರ. ಪ್ಲಗ್ ಬಿಚ್ಚೂದನ್ನ ನಾ ಹಿಂದ ನಿಂತು ನೋಡಿದ್ದೆ."

ನಾನು ನಿಂತೆ. ಹಾಗಾದರೆ ನಿನ್ನ ಫೋನು ಎಂದು ಕೇಳಿದೆ.

"ನಾನ ಬಂದ್ ಮಾಡಿದ್ನಿರಿ. ನೀವು ಮ್ಯಾಲಿಂದ ಮ್ಯಾಲೆ ಹಚ್ಚಾಕತ್ತಿದ್ರಿ. ಅವರ ಕೈ ಹೆಂಗ ನಡಗಾಕತ್ತಿದ್ವು ಅಂದ್ರ... ನನಗೂ ಆ ವರ್ಷನ ಕೂಸು ಹುಟ್ಟಿತ್ತು ಸರ. ಸುಮ್ಮನ ಬಾಜೂಕ ಕುಂತೆ."

ಆಡಬೇಕಾಗಿದ್ದ ಜೀವಮಾನದ ಆಟ ಅದು ಅವನಿಗೆ. ಅಂಥದ್ದು ಮತ್ತೆ ಸಿಗಲಿಲ್ಲ. ಆ ದಿನ ಹಾವೇರಿಯಲ್ಲಿ ಅವನ ಆಟ ನೋಡಲೆಂದೇ ಹುಬ್ಬಳ್ಳಿಯ ಒಂದು ತಂಡದವರು ಬಂದು ಕುಳಿತಿದ್ದರು. ಅದು ಅವನಿಗೆ ಗೊತ್ತಿತ್ತು. ಹನ್ನೊಂದು ವರ್ಷ ಯಾರಿಗೂ ಹೇಳದೆ, ಕಾಕಾನಿಗೂ ತೋರಗೊಡದೆ, ಭತ್ತ ನಾಟಿ ಮಾಡಿಕೊಂಡಿದ್ದ. ನನ್ನ ಮೂರು ತಿಂಗಳ ಸಿಟ್ಟು ನನಗೇ ಬಹಳ ಸಣ್ಣದಾಗಿ ಕಂಡಿತು.

ಫೈನಲ್ಲಿನ ಮುಂಜಾನೆ ಕಾಕಾ ಅವನಿಗೂ ಫೋನು ಮಾಡಿದ್ದರು. ಅವನು ಎತ್ತಿದ್ದ. ಇವತ್ತು ಗೆದ್ದರೆ ನಾನು ಮನೆಗೆ ಹೋಗುವುದಿಲ್ಲ, ಮೈದಾನದಲ್ಲೇ ಕೂಡುತ್ತೇನೆ, ಅದು ಬರುವುದಾದರೆ ಅಲ್ಲಿಗೇ ಬರಲಿ, ನೀನು ಜೊತೆಗೆ ಇರುತ್ತೀಯಾ ಎಂದು ಕೇಳಿದ್ದರಂತೆ.

ಗೆದ್ದ ಮೇಲೆ ಹೇಗಿದ್ದರು ಎಂದು ಕೇಳಿದೆ. ಕಪ್ ಎತ್ತಿದಾಗ ಛತ್ರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಹಳ ಹೊತ್ತು ಚಪ್ಪಾಳೆ ಹೊಡೆದರಂತೆ. ಎಲ್ಲರೂ ಹೋದ ಮೇಲೆ ಮೆಟ್ಟಿಲ ಮೇಲೆ ಕುಳಿತು, ಮೈದಾನಕ್ಕೆ ಬೆನ್ನು ತಿರುಗಿಸಿ, ಗೇಟಿನ ಕಡೆ ಮುಖ ಮಾಡಿದರು.

"ಯಾರೋ ಬರಾಕತ್ತಾರ ಅನ್ನೋಹಂಗ ನೋಡಾಕತ್ತಿದ್ರು ಸರ. ಒಂದೀಟ ಸರದು ಜಾಗಾನೂ ಬಿಟ್ರು."

ನೀನು ಏನು ಮಾಡಿದೆ ಎಂದೆ.

"ನಾ ಏನ್ ಮಾಡ್ಲಿ. ಅವರ ಕೈ ಹಿಡಕೊಂಡು ನಾನೂ ಆ ಕಡೇನ ನೋಡಿಕೋತ ಕುಂತೆ."